ರಾತ್ರಿ ಸ್ಕೂಟಿ, ತೊಗರಿ ಹೊಲ, ಚಿಂಚೋಳಿ ಕಾಡು: ಯಾವ ಚಾಕು ಇಟ್ಟುಕೊಳ್ಳಲಿ?

ಪ್ರಶ್ನೆ: ಸರ್, ನನಗೆ 27 ವರ್ಷ. ಸೇಡಂನಲ್ಲಿ ಕೆಲಸ. ಮಹಿಳಾ ಸಂಘಗಳ ಸಾಲದ ಕಂತು ಕೂಡಿಸಲು ಹಳ್ಳಿಗಳಿಗೆ ಸ್ಕೂಟಿ ಮೇಲೆ ಹೋಗುತ್ತೇನೆ. ವಾರದಲ್ಲಿ ಎರಡು ಮೂರು ದಿನ ಮನೆಗೆ ಬರುವಷ್ಟರಲ್ಲಿ ಕತ್ತಲಾಗಿರುತ್ತದೆ. ಬ್ಯಾಗಿನಲ್ಲಿ ದುಡ್ಡೂ ಇರುತ್ತದೆ. ಭಾನುವಾರ ಅಪ್ಪನ ಜೊತೆ ತೊಗರಿ ಹೊಲಕ್ಕೆ ಹೋಗುತ್ತೇನೆ. ವರ್ಷಕ್ಕೆ ಒಂದೆರಡು ಸಲ ಗೆಳತಿಯರ ಜೊತೆ ಚಿಂಚೋಳಿ ಕಾಡಿನ ಚಂದ್ರಂಪಳ್ಳಿ, ಎತ್ತಿಪೋತ ಕಡೆ ಸುತ್ತಾಟ. ಆನ್‌ಲೈನ್‌ನಲ್ಲಿ 8 ಇಂಚಿನ ಅಲಗಿನ 'ಸರ್ವೈವಲ್' ಚಾಕು ನೋಡಿದ್ದೇನೆ. ಬೆನ್ನಿಗೆ ಗರಗಸ, ಹಿಡಿಯೊಳಗೆ ದಿಕ್ಸೂಚಿ ಇದೆ. ತಮ್ಮ ಬಟನ್ ಚಾಕು ತಗೋ ಅನ್ನುತ್ತಾನೆ. ಆಫೀಸಿನವರು 6 ಇಂಚಿನ ಒಳಗಿದ್ದರೆ ಯಾರೂ ಕೇಳಲ್ಲ ಅಂತಾರೆ. ಹಾವು ಕಚ್ಚಿದರೆ ಕೊಯ್ದು ರಕ್ತ ಹರಿಸಲಿಕ್ಕಾದರೂ ಚಾಕು ಬೇಕು ಅನ್ನೋದು ಮಾವನ ಮಾತು. ರಾತ್ರಿ ತಿರುಗುವವರ ಹತ್ತಿರ ಕಬ್ಬಿಣ ಇರಬೇಕು ಅಂತ ಅವ್ವ. ನಾನು ಯಾವುದು ತಗೊಳ್ಳಲಿ? ಎಲ್ಲಿ ಇಟ್ಟುಕೊಳ್ಳಲಿ?

ಉತ್ತರ: ತಂಗಿ, ನಿಮ್ಮ ಪತ್ರ ಎರಡು ಸಲ ಓದಿದೆ. ಇದರಲ್ಲಿ ಎರಡು ಬೇರೆ ಬೇರೆ ಪ್ರಶ್ನೆಗಳಿವೆ. ಕತ್ತಲಲ್ಲಿ ಒಬ್ಬರೇ ಬರುವಾಗಿನ ಭಯ ಒಂದು. ಹೊಲಕ್ಕೆ, ತಿರುಗಾಟಕ್ಕೆ ಕೈಗೆ ಆಗುವ ಒಂದು ಸಾಮಾನು ಬೇಕು ಅನ್ನೋದು ಇನ್ನೊಂದು. ಎರಡಕ್ಕೂ ಒಂದೇ ಚಾಕು ಆಗುತ್ತದೆ ಅಂತ ಮಾರುವವರು ಹೇಳುತ್ತಾರೆ. ಆಗುವುದಿಲ್ಲ. ಹೊಲಕ್ಕೆ ಒಳ್ಳೆಯ ಚಾಕು ಖಂಡಿತ ತಗೊಳ್ಳಿ, ಯಾವುದು ಅಂತಲೂ ಹೇಳುತ್ತೇನೆ. ಆದರೆ ರಾತ್ರಿಯ ಭಯಕ್ಕೆ ಚಾಕು ಮದ್ದಲ್ಲ. ಇದನ್ನು ನಾನು ಪುಸ್ತಕ ಓದಿ ಹೇಳುತ್ತಿಲ್ಲ. ನಮ್ಮದು ಕುಲುಮೆಯ ಮನೆ. ಅಪ್ಪ ಕುಡಗೋಲು, ಕುರ್ಪಿ ಬಡಿಯುವಾಗ ತಿದಿ ಊದಿ ಬೆಳೆದವನು ನಾನು. ಆಮೇಲೆ 24 ವರ್ಷ ಮಕ್ಕಳನ್ನು, ದೊಡ್ಡವರನ್ನು ಗುಡ್ಡ, ಕೋಟೆ, ಕೆರೆ ದಂಡೆಗಳಿಗೆ ಕರೆದುಕೊಂಡು ಹೋಗಿ ಶಿಬಿರ ನಡೆಸಿದ್ದೇನೆ.

ಮೊದಲು ಭಯದ ಮಾತು. ನಿಮ್ಮ ನಿದ್ದೆ ಕೆಡಿಸಿರುವುದು ಅದೇ ಅಲ್ವಾ.

ಶಿಬಿರದಲ್ಲಿ ನಾನೊಂದು ಆಟ ಆಡಿಸುತ್ತೇನೆ. ಇಬ್ಬರಿಗೆ ಹಳೆಯ ಬಿಳಿ ಅಂಗಿ ಹಾಕಿಸುತ್ತೇನೆ. ಒಬ್ಬರ ಬ್ಯಾಗಿನಲ್ಲಿ ಕೆಂಪು ಸ್ಕೆಚ್ ಪೆನ್ ಇರುತ್ತದೆ. ಅದೇ ಚಾಕು ಅಂದುಕೊಳ್ಳಿ. ಇನ್ನೊಬ್ಬರದು ಬರಿಗೈ, ಬ್ಯಾಗು ಕಸಿಯುವುದು ಅವರ ಕೆಲಸ. ಶುರು ಅಂದ ತಕ್ಷಣ ಪೆನ್ ಇಟ್ಟುಕೊಂಡವರ ಕೈ ಜಿಪ್ ಹುಡುಕುತ್ತದೆ. ಜಿಪ್ ಅರ್ಧಕ್ಕೆ ಸಿಕ್ಕಿಕೊಳ್ಳುತ್ತದೆ. ಬಹಳ ಸಲ ಪೆನ್ ಹೊರಗೆ ಬರುವ ಮೊದಲೇ ಬ್ಯಾಗು ಕೈಬಿಟ್ಟಿರುತ್ತದೆ. ಪೆನ್ ಹೊರಬಂದ ಸಲ ಇನ್ನೂ ಕೆಟ್ಟದು. ಅರ್ಧ ನಿಮಿಷದ ಎಳೆದಾಟದಲ್ಲಿ ಇಬ್ಬರ ಅಂಗಿ ಮೇಲೂ ಕೆಂಪು ಗೀರು. ಪೆನ್ ಹಿಡಿದವರ ಅಂಗೈ, ಮುಂಗೈ, ಹೊಟ್ಟೆ, ಎಲ್ಲ ಕೆಂಪು. ಒಂದು ಸಲ ಒಬ್ಬ ಗಟ್ಟಿಮುಟ್ಟಾದ ಹುಡುಗ ತನ್ನ ಕತ್ತಿನ ಮೇಲಿನ ಗೀರು ಕನ್ನಡಿಯಲ್ಲಿ ನೋಡಿಕೊಂಡು ಸುಮ್ನೆ ಕೂತುಬಿಟ್ಟ. ಆ ಪೆನ್ ಅವನ ಕೈಯಲ್ಲೇ ಇತ್ತು.

ಹೀಗೆ ಯಾಕೆ ಆಗುತ್ತದೆ? ಗಾಬರಿಯಾದಾಗ ಎದೆಬಡಿತ ಏರುತ್ತದೆ, ಬೆರಳುಗಳ ಸಣ್ಣ ಕೆಲಸ ನಿಂತುಹೋಗುತ್ತದೆ. ಬೀಗದ ಕೈ ಕೂಡ ತೂತಿಗೆ ಹೋಗುವುದಿಲ್ಲ, ಇನ್ನು ಮಡಚುವ ಚಾಕು ತೆರೆಯುವುದು ದೂರದ ಮಾತು. ಎರಡನೆಯದು ಅಂತರ. ಅಮೆರಿಕದ ಪೊಲೀಸ್ ತರಬೇತುದಾರ ಡೆನಿಸ್ ಟ್ಯೂಲರ್ 1983ರಲ್ಲಿ ಬರೆದ ಲೆಕ್ಕ ಒಂದಿದೆ. 21 ಅಡಿ ದೂರದಲ್ಲಿರುವ ಮನುಷ್ಯ ಓಡಿ ಬಂದು ಮೈಮೇಲೆ ಬೀಳಲು ಸುಮಾರು ಒಂದೂವರೆ ಸೆಕೆಂಡ್ ಸಾಕು. ಸ್ಕೂಟಿ ಸ್ಟ್ಯಾಂಡ್ ಹಾಕಲೂ ಅಷ್ಟು ಹೊತ್ತು ಸಾಲದು. ಮೂರನೆಯದು, ಚಾಕು ಕೆಲಸ ಮಾಡಬೇಕಾದರೆ ನೀವು ಅವನ ತೋಳಿನ ಅಳತೆಯೊಳಗೆ ಇರಬೇಕು. ನಿಮಗೆ ಬೇಕಿರುವುದು ಅವನಿಂದ ದೂರ ಹೋಗುವುದು, ಚಾಕು ನಿಮ್ಮನ್ನು ಹತ್ತಿರಕ್ಕೆ ಎಳೆಯುತ್ತದೆ. ಮತ್ತೆ ಬೆವರಿದ ಕೈ ಹಿಡಿಯಿಂದ ಜಾರಿ ಸೀದಾ ಅಲಗಿನ ಮೇಲೆ ಹೋಗುತ್ತದೆ. ಇರಿದವರ ಬೆರಳೇ ಕೊಯ್ದುಹೋಗುವುದು ತೀರಾ ಸಾಮಾನ್ಯ.

"ತೋರಿಸಿದರೆ ಸಾಕು, ಓಡಿಹೋಗ್ತಾರೆ" ಅಂತ ನಿಮ್ಮ ತಮ್ಮ ಹೇಳಬಹುದು. ಕೆಲವರು ಓಡಬಹುದು. ಓಡದವನ ಜೊತೆ ಮುಂದಿನ ಹೆಜ್ಜೆ ಏನು? ಇರಿಯಲು ಮನಸ್ಸು ಬರದಿದ್ದರೆ ಚಾಕು ಅವನ ಕೈಗೆ ಹೋಗುತ್ತದೆ. ದುಡ್ಡಿನ ಬ್ಯಾಗಿಗೆ ಮಾತ್ರ ಬಂದಿದ್ದವನ ಕೈಗೆ ಈಗ ಆಯುಧವನ್ನೂ ಕೊಟ್ಟ ಹಾಗಾಯಿತು.

ಕಾನೂನು ನಿಮ್ಮ ಕಡೆ ಇದೆ, ಅದಕ್ಕೂ ಒಂದು ಗೆರೆ ಇದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಕಲಂಗಳು ಆತ್ಮರಕ್ಷಣೆಯ ಹಕ್ಕಿನ ಬಗ್ಗೆಯೇ ಇವೆ. ಜೀವಕ್ಕೆ ಅಪಾಯ, ಅತ್ಯಾಚಾರದ ದಾಳಿ, ಆ್ಯಸಿಡ್ ದಾಳಿ ಇಂಥ ಸಂದರ್ಭಗಳಲ್ಲಿ ಆ ಹಕ್ಕು ಬಹಳ ದೂರ ಹೋಗುತ್ತದೆ. ಆದರೆ ತಪ್ಪಿಸಿಕೊಳ್ಳಲು ಎಷ್ಟು ಬೇಕೋ ಅಷ್ಟಕ್ಕಿಂತ ಹೆಚ್ಚು ಗಾಯ ಮಾಡುವ ಹಕ್ಕು ಯಾರಿಗೂ ಇಲ್ಲ. ಚಾಕುವಿನ ಕಷ್ಟ ಏನಂದರೆ ಅದರ ಪೆಟ್ಟನ್ನು ಅಳೆದು ಕೊಡಲು ಬರುವುದಿಲ್ಲ. ತೋಳಿಗೆ ಅಂತ ಬೀಸಿದ್ದು ಎದೆಗೆ ತಾಗುತ್ತದೆ. ಅಪಾಯಕಾರಿ ಆಯುಧದಿಂದ ಗಾಯ ಮಾಡುವುದಕ್ಕೆ ಅದೇ ಸಂಹಿತೆಯಲ್ಲಿ 118ನೇ ಕಲಂ ಬೇರೆ ಇದೆ. ನೀವು ಸರಿಯಿದ್ದರೂ ಅದನ್ನು ತೋರಿಸಿಕೊಡಲು ಕೋರ್ಟಿಗೆ ಓಡಾಡುವುದು ನಿಮ್ಮ ಪಾಲಿಗೇ ಬರುತ್ತದೆ.

ಹಾಗಾದರೆ ಏನು ಮಾಡುವುದು? ನಿಮ್ಮ ಮೇಲೆ ಕಣ್ಣು ಬೀಳುವುದಾದರೆ ಅದಕ್ಕೆ ದೊಡ್ಡ ಕಾರಣ ಆ ದುಡ್ಡಿನ ಬ್ಯಾಗು. ಅದನ್ನು ಮೊದಲು ಸರಿಮಾಡಿ. ಕತ್ತಲಾಗುವ ದಿನಗಳಲ್ಲಿ ದುಡ್ಡು ನಿಮ್ಮ ಜೊತೆ ಮನೆಗೆ ಬರಬಾರದು. ಮಧ್ಯಾಹ್ನವೇ ಕಟ್ಟುವ ವ್ಯವಸ್ಥೆ ಮಾಡಿ, ಇಲ್ಲವೇ ಕಂತನ್ನು ಫೋನಿನಲ್ಲಿ ತಗೊಳ್ಳಿ ಅಂತ ಆಫೀಸಿನಲ್ಲಿ ಬರೆದು ಕೇಳಿ. ಬಾಯಿಮಾತಲ್ಲಿ ಕೇಳಬೇಡಿ, ಬರೆದು ಕೇಳಿ. ಇದನ್ನು ಕೇಳುವುದು ನಿಮ್ಮ ಹಕ್ಕು. ಒಂದೇ ಹಳ್ಳಿಗೆ ಒಂದೇ ವಾರ, ಒಂದೇ ಹೊತ್ತು, ಒಂದೇ ದಾರಿ ಅಂತ ಇದ್ದರೆ ಬದಲಿಸಿ. ಹೊರಡುವಾಗ ಮನೆಗೆ ಒಂದು ಫೋನು, ಜೊತೆಗೆ ವಾಟ್ಸ್ಯಾಪ್‌ನಲ್ಲಿ ಲೈವ್ ಲೊಕೇಶನ್. ಫೋನಿನ ಸೆಟ್ಟಿಂಗ್‌ನಲ್ಲಿ ತುರ್ತು ಕರೆ ಗುಂಡಿಯನ್ನು 112ಕ್ಕೆ ಜೋಡಿಸಿಕೊಂಡು ಇವತ್ತೇ ಅಭ್ಯಾಸ ಮಾಡಿ. ಯಾರಾದರೂ ಬ್ಯಾಗಿಗೆ ಕೈ ಹಾಕಿದರೆ ಬ್ಯಾಗು ಬಿಟ್ಟುಬಿಡಿ, ಗಾಡಿ ಓಡಿಸಿ. ಕಂತಿನ ದುಡ್ಡಿಗೆ ಲೆಕ್ಕ ಕೊಡಬಹುದು.

ಕೈಯಲ್ಲಿ ಏನಾದರೂ ಇರಲೇಬೇಕು ಅನ್ನಿಸಿದರೆ ಪೆಪ್ಪರ್ ಸ್ಪ್ರೇ ಇಟ್ಟುಕೊಳ್ಳಿ. ನಮ್ಮ ದೇಶದಲ್ಲಿ ಅದನ್ನು ಕೊಳ್ಳಲು ಲೈಸೆನ್ಸ್ ಬೇಡ. ಅದು ಆರೇಳು ಅಡಿ ದೂರದಿಂದ ಕೆಲಸ ಮಾಡುತ್ತದೆ, ಓಡಲು ಹೊತ್ತು ಕೊಡುತ್ತದೆ. ಆದರೆ ಗಾಳಿ ಎದುರಿನಿಂದ ಬಂದರೆ ನಿಮ್ಮ ಕಣ್ಣಿಗೇ ಬರುತ್ತದೆ. ಬ್ಯಾಗಿನ ತಳದಲ್ಲಿದ್ದರೆ ಚಾಕುವಿನ ಗತಿಯೇ ಅದಕ್ಕೂ. ಕತ್ತಲಾದ ಮೇಲೆ ಕೈಗೆ ಸಿಗುವ ಜೇಬಿನಲ್ಲಿ ಇರಲಿ. ಇನ್ನೊಂದು ಮಾತು ನಮ್ಮ ಬಿಸಿಲಿಗೆ ಸಂಬಂಧಪಟ್ಟದ್ದು. ಒತ್ತಡ ತುಂಬಿದ ಡಬ್ಬಿಗಳನ್ನು 50 ಡಿಗ್ರಿಗಿಂತ ಹೆಚ್ಚಿನ ಬಿಸಿಯಲ್ಲಿ ಇಡಬಾರದು ಅಂತ ಅವುಗಳ ಮೇಲೇ ಬರೆದಿರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ಬಿಸಿಲಿಗೆ ನಿಲ್ಲಿಸಿದ ಸ್ಕೂಟಿಯ ಡಿಕ್ಕಿ ಸುಲಭವಾಗಿ ಅಷ್ಟು ಕಾಯುತ್ತದೆ. ಹಾಗಾಗಿ ಡಿಕ್ಕಿಯಲ್ಲಿ ಬಿಡಬೇಡಿ. ಮುಗಿಯುವ ತಾರೀಖು ನೋಡಿಕೊಳ್ಳಿ. ಒಂದು ಒಳ್ಳೆಯ ಟಾರ್ಚು, ಒಂದು ಜೋರಾದ ಸೀಟಿ ಜೊತೆಗಿರಲಿ.

ಬೀದಿ ನಾಯಿಗೂ ಚಾಕು ಬೇಡ. ಚಾಕು ತಾಗುವಷ್ಟು ಹತ್ತಿರ ನಾಯಿ ಬಂದರೆ ಆಗಲೇ ಕಚ್ಚಿರುತ್ತದೆ. ಒಂದು ಬಡಿಗೆ ಜಾಸ್ತಿ ಕೆಲಸಕ್ಕೆ ಬರುತ್ತದೆ. ಕಚ್ಚಿದರೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅದೇ ದಿನ ಇಂಜೆಕ್ಷನ್‌ಗೆ ಹೋಗಿ.

ಈಗ ನಿಮ್ಮ ಮಾವನ ಮಾತು. ಇದರ ಬಗ್ಗೆ ನನಗೆ ಗಟ್ಟಿ ದನಿಯಲ್ಲೇ ಹೇಳಬೇಕು. ಹಾವು ಕಚ್ಚಿದ ಜಾಗವನ್ನು ಯಾವತ್ತೂ ಕೊಯ್ಯಬೇಡಿ. ವಿಷ ಒಂದು ಕಡೆ ನಿಂತಿರುವುದಿಲ್ಲ, ಕೊಯ್ದರೆ ಅದು ಹೊರಗೆ ಬರುವುದಿಲ್ಲ. ನಮ್ಮ ಕಡೆಯ ಹೊಲಗಳಲ್ಲಿ ಕಚ್ಚುವ ಕೊಳಕುಮಂಡಲ ಮತ್ತು ಗರಗಸ ಮಂಡಲಗಳ ವಿಷ ರಕ್ತ ಹೆಪ್ಪುಗಟ್ಟುವುದನ್ನೇ ಕೆಡಿಸುತ್ತದೆ. ಅಂಥ ಮೈಯಲ್ಲಿ ನೀವೇ ಚಾಕುವಿನಿಂದ ಗಾಯ ಮಾಡಿದರೆ ರಕ್ತ ನಿಲ್ಲುವುದೇ ಇಲ್ಲ. ಕೊಯ್ದ ಕೈಯಲ್ಲಿ ನರ, ಸ್ನಾಯು ಕತ್ತರಿಸಿ ಬೆರಳು ಕಳೆದುಕೊಂಡವರಿದ್ದಾರೆ. ಹಗ್ಗ ಬಿಗಿದು ಕಟ್ಟುವುದೂ ಬೇಡ, ಬಾಯಿಂದ ಹೀರುವುದೂ ಬೇಡ. ಉಂಗುರ, ಬಳೆ, ಕಾಲುಂಗುರ ತೆಗೆಯಿರಿ, ಊತ ಬಂದ ಮೇಲೆ ಅವು ಬರುವುದಿಲ್ಲ. ಕಚ್ಚಿದ ಕೈಕಾಲು ಅಲುಗಾಡದಂತೆ ಕೋಲು ಇಟ್ಟು ಸಡಿಲವಾಗಿ ಕಟ್ಟಿ. ನಡೆಸಬೇಡಿ, ಹೊತ್ತುಕೊಂಡು ಹೋಗಿ ಗಾಡಿಯಲ್ಲಿ ಹಾಕಿ, ವಿಷಕ್ಕೆ ಔಷಧ ಇರುವ ಸರ್ಕಾರಿ ಆಸ್ಪತ್ರೆಗೆ ಹೋಗಿ. ನಾಗರಹಾವು, ಕಟ್ಟುಹಾವು, ಈ ಎರಡು ಮಂಡಲಗಳು, ನಾಲ್ಕಕ್ಕೂ ಒಂದೇ ಔಷಧ. ಹಾವನ್ನು ಹಿಡಿದು ತರುವ ಅಗತ್ಯವಿಲ್ಲ. 2024ರಲ್ಲಿ ನಮ್ಮ ರಾಜ್ಯ ಸರ್ಕಾರ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿದೆ. ತೊಗರಿ ಕೊಯ್ಲಿನ ಹೊತ್ತಿಗೆ ಮಾವನವರಿಗೆ ಇದನ್ನೆಲ್ಲ ಕೂತು ಹೇಳಿ. ಹೊಲದಲ್ಲಿ ಅವರ ಮಾತು ನಾಲ್ಕು ಜನ ಕೇಳುತ್ತಾರೆ.

ಅವ್ವ ಹೇಳುವ ಕಬ್ಬಿಣದ ಮಾತಿಗೆ ನಾನು ಎದುರು ಹೇಳುವುದಿಲ್ಲ. ಬಾಣಂತಿಯ ಮಂಚದ ಕೆಳಗೆ ಕುಡಗೋಲು ಇಡುವ ಮನೆಯಲ್ಲೇ ನಾನೂ ಹುಟ್ಟಿದ್ದು. ಅವರ ಮನಸ್ಸಿಗೆ ಸಮಾಧಾನ ಆಗಬೇಕು, ಅಷ್ಟೇ. ಅದಕ್ಕೆ ಒಂದು ಕಬ್ಬಿಣದ ಮೊಳೆ ಸಾಕು, ಮನೆಯ ಬೀಗದ ಕೈ ಸಾಕು.

ಇನ್ನು ಅಳತೆಯ ವಿಷಯ. ಆಫೀಸಿನವರು ಹೇಳುವ 6 ಇಂಚು ನಮ್ಮ ಶಸ್ತ್ರಾಸ್ತ್ರ ನಿಯಮದಲ್ಲಿ ಇಲ್ಲ. 2016ರ ಶಸ್ತ್ರಾಸ್ತ್ರ ನಿಯಮಗಳ ಪಟ್ಟಿಯಲ್ಲಿ ಬರುವುದು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗು. ಮನೆ, ಒಕ್ಕಲುತನ, ಕಾರ್ಖಾನೆ, ವಿಜ್ಞಾನದ ಕೆಲಸಕ್ಕೆ ಅಂತ ಮಾಡಿದವುಗಳಿಗೆ ಅದು ಅನ್ವಯಿಸುವುದಿಲ್ಲ. ಅದಕ್ಕೇ ನಿಮ್ಮ ಅಪ್ಪನ ಕುಡಗೋಲು, ಕಬ್ಬು ಕಡಿಯುವವರ ಕೊಯ್ತಾ ಎಷ್ಟು ಉದ್ದ ಇದ್ದರೂ ತೊಂದರೆಯಿಲ್ಲ. ಆದರೆ 9 ಇಂಚಿನ ಒಳಗಿದ್ದರೆ ಎಲ್ಲಿ ಬೇಕಾದರೂ ಹಿಡಿದು ತಿರುಗಬಹುದು ಅಂತ ಇದರ ಅರ್ಥ ಅಲ್ಲ. ಊರಿಂದ ಊರಿಗೆ ಹುಕುಂ ಬೇರೆ ಇರುತ್ತದೆ. ದೆಹಲಿಯಲ್ಲಿ 1980ರಿಂದಲೇ ಬಟನ್ ಚಾಕುಗಳ ಮೇಲೆ ಪ್ರತ್ಯೇಕ ಆದೇಶ ಇದೆ, ಅಲ್ಲಿನ ಅಳತೆ ಬರೀ 7.62 ಸೆಂಟಿಮೀಟರ್, ಅಂದರೆ 3 ಇಂಚು. ನಮ್ಮಲ್ಲಿ 1963ರ ಕರ್ನಾಟಕ ಪೊಲೀಸ್ ಕಾಯ್ದೆಯ 35ನೇ ಕಲಂ ಪ್ರಕಾರ ಚಾಕು, ಕತ್ತಿ, ಬಡಿಗೆ ಹಿಡಿದು ತಿರುಗುವುದನ್ನೇ ಸ್ವಲ್ಪ ದಿನದ ಮಟ್ಟಿಗೆ ನಿಷೇಧಿಸಬಹುದು. ಚುನಾವಣೆ, ಮೆರವಣಿಗೆ, ಗಲಾಟೆಯ ದಿನಗಳಲ್ಲಿ ಇಂಥ ಆದೇಶ ಬರುತ್ತವೆ. ಶರಣಬಸವೇಶ್ವರ ಜಾತ್ರೆಯಂಥ ದೊಡ್ಡ ಜನಸಂದಣಿಗೆ, ಕಾಲೇಜಿಗೆ, ಕೋರ್ಟಿಗೆ, ಸರ್ಕಾರಿ ಕಚೇರಿಗೆ ಹೋಗುವಾಗ ಚಾಕು ಮನೆಯಲ್ಲೇ ಇರಲಿ. ಪೊಲೀಸರು ಮೊದಲು ಕೇಳುವ ಪ್ರಶ್ನೆ ಇದು: "ಯಾಕೆ ಇಟ್ಕೊಂಡೀರಿ?" ಹೊಲಕ್ಕೆ ಹೊರಟಿದ್ದೀನಿ, ಡ್ರಿಪ್ ಪೈಪ್ ಕೊಯ್ಯಲಿಕ್ಕೆ ಅನ್ನುವ ಉತ್ತರ ಒಂದು ತರಹ. ರಕ್ಷಣೆಗೆ ಅನ್ನುವ ಉತ್ತರ ಬೇರೆಯೇ ತರಹ. ದಾಳಿಗೆ ಅಥವಾ ರಕ್ಷಣೆಗೆ ಅಂತ ಮಾಡಿದ ವಸ್ತುವೇ 1959ರ ಶಸ್ತ್ರಾಸ್ತ್ರ ಕಾಯ್ದೆಯ ಕಣ್ಣಿಗೆ ಆಯುಧ.

ಕಾಡಿನ ಮಾತು ಬಹಳ ಜನಕ್ಕೆ ಗೊತ್ತಿಲ್ಲ. ಚಿಂಚೋಳಿಯದು ವನ್ಯಜೀವಿ ಧಾಮ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 31ನೇ ಕಲಂ ಪ್ರಕಾರ ಅನುಮತಿ ಇಲ್ಲದೆ ಧಾಮದೊಳಗೆ ಆಯುಧ ಒಯ್ಯುವಂತಿಲ್ಲ. ಅದೇ ಕಾಯ್ದೆಯಲ್ಲಿ ಆಯುಧ ಅಂದರೆ ಏನು ಅಂತ ಬರೆದಿರುವ ಕಡೆ ಬಂದೂಕು, ಬಿಲ್ಲು, ಬಲೆಗಳ ಸಾಲಿನಲ್ಲಿ ಚಾಕುವಿನ ಹೆಸರೂ ಇದೆ. ಅಳತೆ ಹೇಳಿಲ್ಲ. ಅದಕ್ಕೆ ಧಾಮದ ಗಡಿ ದಾಟುವ ದಿನ ನಾನು ಯಾವ ಚಾಕುವನ್ನೂ ಒಯ್ಯುವುದಿಲ್ಲ. ಹಣ್ಣು, ತರಕಾರಿ ಮನೆಯಲ್ಲೇ ಹೆಚ್ಚಿ ಡಬ್ಬಿಗೆ ತುಂಬುತ್ತೇವೆ. ಅಡಿಗೆ ಮಾಡಲೇಬೇಕಾದರೆ ಅರಣ್ಯ ಇಲಾಖೆಯವರ ಹತ್ತಿರ ಅನುಮತಿ ಕೇಳುವಾಗಲೇ ಚಾಕುವಿನ ಮಾತೂ ತೆಗೆಯುತ್ತೇನೆ. ಅಲ್ಲಿರುವ ತೋಳ, ಕತ್ತೆಕಿರುಬ ಮನುಷ್ಯರ ಸದ್ದಿಗೆ ದೂರ ಸರಿಯುವ ಪ್ರಾಣಿಗಳು.

ಇನ್ನು ವಿಮಾನ ಹತ್ತುವ ದಿನ ಕೈಚೀಲದಲ್ಲಿ ಸಣ್ಣ ಚಾಕು ಕೂಡ ಇರಬಾರದು, ತೂಕಕ್ಕೆ ಹಾಕುವ ಬ್ಯಾಗಿನಲ್ಲಿಡಿ.

ಸರಿ, ಹೊಲಕ್ಕೆ ಯಾವುದು ತಗೊಳ್ಳಬೇಕು? ಈ ಮಾತು ನನಗೆ ಇಷ್ಟದ್ದು, ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಿ.

ನೀವು ನೋಡಿದ ಆ 8 ಇಂಚಿನದನ್ನು ಬಿಟ್ಟುಬಿಡಿ. ಹಿಡಿಯೊಳಗೆ ದಿಕ್ಸೂಚಿ ಇದೆ ಅಂದರೆ ಹಿಡಿ ಪೊಳ್ಳು ಅಂತ ಅರ್ಥ. ಅಲಗು ಹಿಡಿಯ ಬಾಯಲ್ಲಿ ಒಂದು ಇಂಚಿನಷ್ಟು ಮಾತ್ರ ಸಿಕ್ಕಿಕೊಂಡು ನಿಂತಿರುತ್ತದೆ. ಗಟ್ಟಿ ಕಟ್ಟಿಗೆಗೆ ನಾಲ್ಕು ಪೆಟ್ಟು ಹಾಕಿದರೆ ಅಲ್ಲೇ ಮುರಿದು ಅಲಗು ಹಾರುತ್ತದೆ. ಬೆನ್ನಿನ ಗರಗಸ ಕಟ್ಟಿಗೆ ಕೊಯ್ಯುವುದಿಲ್ಲ, ಬೆರಳು ಕೊಯ್ಯುತ್ತದೆ. ಬಟನ್ ಚಾಕು ಜೇಬಿನಲ್ಲೇ ತೆರೆದುಕೊಳ್ಳಬಹುದು. ಅದರ ಸ್ಪ್ರಿಂಗಿಗೆ ಎರೆಮಣ್ಣಿನ ಧೂಳು ಹೋದರೆ ಅರ್ಧಕ್ಕೆ ನಿಲ್ಲುತ್ತದೆ. ಎಟಿಎಂ ಕಾರ್ಡಿನ ಹಾಗೆ ಮಡಚುವ ತೆಳು ಚಾಕೂ ಬೇಡ, ಹಿಡಿಯಲು ಜಾಗವೇ ಇರುವುದಿಲ್ಲ.

ಹೊಲದಲ್ಲಿ ನೀವು ನಿಜವಾಗಿ ಏನು ಕೊಯ್ಯುತ್ತೀರಿ ಅಂತ ನೆನಪು ಮಾಡಿಕೊಳ್ಳಿ. ಗೊಬ್ಬರದ ಚೀಲದ ದಾರ, ಸುತಳಿ, ಡ್ರಿಪ್ ಪೈಪು, ಉಳ್ಳಾಗಡ್ಡಿ, ಪೇರಲ ಹಣ್ಣು. ಇಷ್ಟಕ್ಕೆ 3 ಇಂಚಿನ ಅಲಗು ಬೇಕಾದಷ್ಟಾಯಿತು. ಟೊಂಗೆ ಕಡಿಯುವ ಕೆಲಸ ಕುಡಗೋಲಿನದು. ಚಾಕುವಿನಿಂದ ಟೊಂಗೆ ಕಡಿಯಲು ಹೋಗಿಯೇ ಜಾಸ್ತಿ ಗಾಯ ಆಗುವುದು.

ನನ್ನ ಎಡಗೈ ತೋರುಬೆರಳು ಪೂರ್ತಿ ಮಡಚುವುದಿಲ್ಲ. 19 ವರ್ಷದವನಿದ್ದಾಗ, ತೆರೆದ ಅಲಗನ್ನು ಗಟ್ಟಿಯಾಗಿ ಹಿಡಿದಿಡುವ ಲಾಕ್ ಇಲ್ಲದ ಮಡಚುವ ಚಾಕುವಿನ ತುದಿಯಿಂದ ತೆಂಗಿನಕಾಯಿ ಕಣ್ಣು ಒತ್ತಿ ತಿರುವಿದೆ. ಎಡಗೈಲಿ ಚಾಕು, ಬಲಗೈಲಿ ಕಾಯಿ. ತುದಿ ಸಿಕ್ಕಿಕೊಂಡಿತು, ಹಿಡಿ ಮುಂದಕ್ಕೆ ಬಂತು, ಅಲಗು ಮಡಚಿಕೊಂಡು ಬೆರಳಿನ ಮೇಲೆ ಕೂತಿತು. ನೋವು ತಕ್ಷಣ ಬರಲಿಲ್ಲ. ಬೆರಳು ಮಡಚಲು ನೋಡಿದಾಗ ಅದು ಮಾತು ಕೇಳಲಿಲ್ಲ, ಆಗ ಗೊತ್ತಾಯಿತು ಒಳಗಿನ ಸ್ನಾಯು ಹೋಗಿದೆ ಅಂತ. ಮಡಚುವ ಚಾಕುವಿಗೆ ಲಾಕ್ ಇರಲೇಬೇಕು ಅಂತ ನಾನು ಹಟ ಹಿಡಿಯುವುದು ಅದಕ್ಕೇ. ಲಾಕ್ ಇದ್ದರೂ ಅಲಗಿನ ಬೆನ್ನಿನ ಕಡೆಗೆ ಒತ್ತಡ ಬೀಳುವ ಕೆಲಸ ಮಾಡಬಾರದು. ಅಂಗಡಿಯಲ್ಲಿ ತೆರೆದು ಹಿಡಿದು ಅಲಗನ್ನು ಆಚೀಚೆ ಅಲುಗಿಸಿ ನೋಡಿ. ಸಡಿಲ ಇದ್ದರೆ ವಾಪಸ್ ಇಟ್ಟುಬಿಡಿ.

ನಿಮಗೆ ಇನ್ನೂ ಚೆನ್ನಾಗಿ ಹೊಂದುವುದು ಚಿಮುಟ, ಕತ್ತರಿ ಇರುವ ಸಣ್ಣ ಬಹೂಪಯೋಗಿ ಚಾಕು ಅಂತ ನನಗೆ ಅನ್ನಿಸುತ್ತದೆ. ಸ್ವಿಟ್ಜರ್ಲೆಂಡಿನ ವಿಕ್ಟೋರಿನಾಕ್ಸ್ ಈ ತರಹದ ಚಾಕುವನ್ನು 1897ರಿಂದ ಮಾಡುತ್ತಿದೆ, ಬೇರೆ ಕಂಪನಿಗಳದ್ದೂ ಸಿಗುತ್ತವೆ. ಅವುಗಳಲ್ಲಿ ಸಣ್ಣವಕ್ಕೆ ಸಾಮಾನ್ಯವಾಗಿ ಲಾಕ್ ಇರುವುದಿಲ್ಲ. ಹಾಗಾಗಿ ಕೊಯ್ಯಲು ಮಾತ್ರ ಬಳಸಿ, ಚುಚ್ಚಲು ಬೇಡ. ನಮ್ಮ ಕಡೆ ಹೊಲದ ಬದುವಿಗೆಲ್ಲ ಬಳ್ಳಾರಿ ಜಾಲಿ. ಕಾಲಿಗೆ ಮುಳ್ಳು ಮುರಿದಾಗ ಎಂಟು ಇಂಚಿನ ಚಾಕು ಏನು ಮಾಡುತ್ತದೆ? ಒಂದು ಒಳ್ಳೆ ಚಿಮುಟ ಆ ದಿನವನ್ನು ಉಳಿಸುತ್ತದೆ.

ಮಡಚದ ಚಾಕುವೇ ಬೇಕು ಅಂದರೆ 4 ಇಂಚಿನ ಅಲಗು ಸಾಕು. ಬೆನ್ನು ಎರಡೂವರೆ, ಮೂರು ಮಿಲಿಮೀಟರ್ ದಪ್ಪ ಇರಲಿ. ಅಲಗಿನ ಉಕ್ಕು ಹಿಡಿಯ ತುದಿತನಕ ಒಂದೇ ತುಂಡಾಗಿ ಬಂದಿರಬೇಕು. ಹಿಡಿಯ ಅಂಚಿನಲ್ಲಿ ಆ ಪಟ್ಟಿ ಕಣ್ಣಿಗೆ ಕಾಣುತ್ತದೆ. ಬೆರಳು ಅಲಗಿನ ಕಡೆ ಜಾರದಂತೆ ಹಿಡಿಯ ಮುಂದೆ ಒಂದು ತಡೆ ಇರಲಿ. ಒರೆಯಲ್ಲಿ ಹಾಕಿ ತಲೆಕೆಳಗು ಮಾಡಿ ಅಲುಗಿಸಿದರೆ ಚಾಕು ಬೀಳಬಾರದು.

ಉಕ್ಕಿನ ಬಗ್ಗೆ ಜನ ಬಹಳ ತಲೆ ಕೆಡಿಸಿಕೊಳ್ಳುತ್ತಾರೆ. ನಿಮಗೆ ಸ್ಟೇನ್‌ಲೆಸ್ ಸಾಕು. ತುಕ್ಕು ಬೇಗ ಹಿಡಿಯುವುದಿಲ್ಲ, ನಿಂಬೆ ಕೊಯ್ದು ಒರೆಸದೆ ಇಟ್ಟರೂ ಕ್ಷಮಿಸುತ್ತದೆ. ಕಮ್ಮಾರರು ಲಾರಿಯ ಕಮಾನು ಪಟ್ಟಿಯಿಂದ ಬಡಿದು ಕೊಡುವ ಚಾಕು ಧಾರ ಚೆನ್ನಾಗಿ ತಗೊಳ್ಳುತ್ತದೆ, ಬೇಗ ಮಸೆಯಬಹುದು, ಆದರೆ ಪ್ರತಿ ಸಲ ಒರೆಸಿ ಎಣ್ಣೆ ಸವರಬೇಕು. ಹೊಲಿಗೆ ಮಷಿನ್ನಿನ ಎಣ್ಣೆ ಒಂದು ಹನಿ ಸಾಕು. ಹಣ್ಣು ಕೊಯ್ಯುವ ಮೊದಲು ಅದನ್ನು ತೊಳೆದುಬಿಡಿ. ಚರ್ಮದ ಒರೆಯಲ್ಲಿ ತಿಂಗಳುಗಟ್ಟಲೆ ಇಡಬೇಡಿ, ಚರ್ಮ ಪಸೆ ಹಿಡಿದು ತುಕ್ಕು ತರಿಸುತ್ತದೆ.

ಅಪ್ಪ ಅಲಗನ್ನು ಕೆಂಪಗೆ ಕಾಯಿಸಿ ಅದ್ದಿದ ಮೇಲೆ ಮತ್ತೆ ಸಣ್ಣ ಕಾವಿನಲ್ಲಿ ಹಿಡಿದು ಬಣ್ಣ ನೋಡುತ್ತಿದ್ದರು. ಒಣಗಿದ ಜೋಳದ ದಂಟಿನ ಬಣ್ಣ ಬಂದ ಕೂಡಲೇ ತೆಗೆದುಬಿಡುತ್ತಿದ್ದರು. ಅದು ಸುಮಾರು 200ರಿಂದ 230 ಡಿಗ್ರಿ. ನೀಲಿಗೆ ಹೋದರೆ 300ರ ಹತ್ತಿರ, ಧಾರ ನಿಲ್ಲದಷ್ಟು ಮೆತ್ತಗಾಯಿತು ಅಂತ ಅರ್ಥ. ಇದನ್ನು ಯಾಕೆ ಹೇಳಿದೆ ಅಂದರೆ, ಸೈಕಲ್ ಮೇಲೆ ಬರುವ ಸಾಣೆಯವರ ಚಕ್ರಕ್ಕೆ ಚಾಕು ಜೋರಾಗಿ ಒತ್ತಿದಾಗ ತುದಿ ನೀಲಿ ಆಗುವುದುಂಟು. ಹಾಗಾದರೆ ಆ ಜಾಗದ ಧಾರ ಮತ್ತೆ ನಿಲ್ಲುವುದಿಲ್ಲ. ನೀರು ಹಾಕುತ್ತಾ ಹಗುರವಾಗಿ ಹಿಡಿಯಲು ಹೇಳಿ. ಇನ್ನೊಂದು ತಪ್ಪು ನಂಬಿಕೆ ನಮ್ಮ ಮನೆಗಳದ್ದೇ. ಶಹಾಬಾದ್ ಪರಸಿ ಮೇಲೆ ಉಜ್ಜಿದರೆ ಧಾರ ಬರುತ್ತದೆ ಅಂತ. ಆ ಕಲ್ಲು ಸುಣ್ಣದಕಲ್ಲು, ಉಕ್ಕಿಗಿಂತ ಮೆತ್ತಗೆ. ಉಜ್ಜಿದಷ್ಟೂ ಕಲ್ಲು ಸವೆಯುತ್ತದೆ. ಮಸೆಯುವ ಕಲ್ಲು ಇಲ್ಲದ ದಿನ ಪಿಂಗಾಣಿ ಕಪ್ಪನ್ನು ಬೋರಲು ಹಾಕಿ, ತಳದ ಒರಟು ಅಂಚಿಗೆ ಚಾಕುವನ್ನು ಸುಮಾರು 20 ಡಿಗ್ರಿ ಓರೆಯಲ್ಲಿ, ಒಂದೊಂದು ಮಗ್ಗುಲಿಗೆ ಎಂಟು ಹತ್ತು ಸಲ ಎಳೆಯಿರಿ. ಮೊಂಡ ಚಾಕು ಅಪಾಯ ಕಡಿಮೆ ಅಂತ ಅಂದುಕೊಳ್ಳಬೇಡಿ. ಮೊಂಡಾದಷ್ಟು ಜೋರು ಹಾಕುತ್ತೀರಿ, ಜೋರು ಹಾಕಿದಷ್ಟು ಜಾರುತ್ತದೆ.

ಒಯ್ಯುವ ಬಗೆ ಹೀಗಿರಲಿ. ಮಡಚಿದ ಚಾಕು ಒಂದು ಸಣ್ಣ ಬಟ್ಟೆ ಚೀಲದಲ್ಲಿ, ಜೊತೆಗೆ ಸುತಳಿ, ಬ್ಯಾಂಡೇಜು, ಮುಲಾಮು. ಆ ಚೀಲ ಭಾನುವಾರ ಹೊಲದ ಬುತ್ತಿಯ ಜೊತೆ ಹೋಗಿ, ಸಂಜೆ ಮನೆಗೆ ಬಂದು ಎತ್ತರದ ಶೆಲ್ಫಿನಲ್ಲಿ ಕೂರಲಿ. ಸೋಮವಾರ ಆಫೀಸಿನ ಬ್ಯಾಗಿಗೆ ಬರುವುದು ಬೇಡ. ಸೊಂಟಕ್ಕೆ ಕಟ್ಟಿಕೊಂಡು ಊರೊಳಗೆ ತಿರುಗಬೇಡಿ. ಇನ್ನೊಬ್ಬರಿಗೆ ಕೊಡುವಾಗ ಕೈಯಿಂದ ಕೈಗೆ ಕೊಡಬಾರದು, ಜಗಳ ಆಗುತ್ತದೆ ಅಂತ ನಮ್ಮ ಹಿರಿಯರು ಹೇಳುತ್ತಾರಲ್ಲ, ಅದನ್ನು ಹಾಗೇ ಪಾಲಿಸಿ. ಕೆಳಗಿಡಿ, ಅವರು ಎತ್ತಿಕೊಳ್ಳಲಿ. ಶಿಬಿರದಲ್ಲಿ ನಾನು ಕಲಿಸುವುದೂ ಅದನ್ನೇ. ಕೈಜಾರಿ ಬೀಳುವ ಚಾಕುವನ್ನು ಹಿಡಿಯಲು ಹೋಗಬೇಡಿ, ಕಾಲು ಹಿಂದಕ್ಕೆ ತಗೊಳ್ಳಿ. ತೊಡೆಯ ಮೇಲೆ ಇಟ್ಟು ಏನನ್ನೂ ಕೊಯ್ಯಬೇಡಿ. ತೊಡೆಯ ಒಳಭಾಗದಲ್ಲಿ ದೊಡ್ಡ ರಕ್ತನಾಳ ಇದೆ, ಅಲ್ಲಿ ತಾಗಿದರೆ ಆಸ್ಪತ್ರೆ ಮುಟ್ಟುವುದೇ ಕಷ್ಟ. ಮೊಣಕೈಗಳನ್ನು ಮೊಣಕಾಲ ಮೇಲೆ ಊರಿ, ಮೈಯಿಂದ ಹೊರಗೆ ಕೊಯ್ಯಿರಿ. ಬೆರಳು ಕೊಯ್ದುಕೊಂಡರೆ ಶುದ್ಧ ಬಟ್ಟೆ ಇಟ್ಟು ಹತ್ತು ನಿಮಿಷ ಬಿಡದೆ ಒತ್ತಿ ಹಿಡಿಯಿರಿ, ಮಧ್ಯೆ ತೆಗೆದು ನೋಡಬೇಡಿ. ಅರಿಶಿನ, ಕಾಫಿಪುಡಿ ತುಂಬಬೇಡಿ. ಬೆರಳು ಮಡಚಲು ಬರದಿದ್ದರೆ, ತುದಿ ಜೋಮು ಹಿಡಿದಿದ್ದರೆ ಅವತ್ತೇ ಡಾಕ್ಟರ ಹತ್ತಿರ ಹೋಗಿ. ನಾನು ಎರಡು ದಿನ ತಡ ಮಾಡಿದೆ. ಟಿಟಿ ಇಂಜೆಕ್ಷನ್ನನ್ನೂ ಕೇಳಿ.

ಚಾಕು ತಂದ ಮೇಲೆ ಮೊದಲ ಭಾನುವಾರ ಹೊಲದ ಬದುವಿನ ಮೇಲೆ ಕೂತು ಒಂದು ಹಸಿ ಬೇವಿನ ಕಡ್ಡಿ ಕೆತ್ತಿ ನೋಡಿ. ಹೆಬ್ಬೆರಳು ಹಿಡಿಯ ಮೇಲೆ, ಧಾರ ಹೊರಕ್ಕೆ. ಸಿಪ್ಪೆ ಉದ್ದಕ್ಕೆ ಸುರುಳಿಯಾಗಿ ಬಂದರೆ ಧಾರ ಸರಿ ಇದೆ, ಕೈಯೂ ಸರಿ ಇದೆ. ತುಂಡು ತುಂಡಾಗಿ ಕಿತ್ತುಬಂದರೆ ಕಪ್ಪಿನ ತಳಕ್ಕೆ ಇನ್ನೊಂದು ನಾಲ್ಕು ಸಲ ಎಳೆಯಿರಿ. ಅಪ್ಪನನ್ನೂ ಪಕ್ಕಕ್ಕೆ ಕೂರಿಸಿಕೊಳ್ಳಿ. ಕಡ್ಡಿ ಕೆತ್ತುವುದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ.